ಬಾಣ ಮತ್ತು ಮದ್ದು: ಎರಡು ಮಾತುಗಳ ಹುಟ್ಟು

(ಬೈಲಹೊಂಗಲದಲ್ಲಿ ಮಾಡಿದ ಭಾಷಣದ ಪಾಠ)



ಮಲಪ್ರಭೆಯ ದಂಡೆಯ ಒಂದು ಹಳ್ಳಿಯ ಜಾತ್ರೆಗೆ ಕೆಲವು ವರುಷಗಳ ಹಿಂದೆ ಹೋಗಿದ್ದೆನು. ತೇರು ಎಳೆದು ಮುಗಿದು, ರಾತ್ರಿಯಲ್ಲಿ ಮದ್ದು ಸುಡುವ ಹೊತ್ತಾಯಿತು. ಬಾಣಗಳು ಒಂದರ ಹಿಂದೊಂದು ಸುಂಯ್ಯೆಂದು ಆಕಾಶಕ್ಕೇರಿ ಹೂವಿನಂತೆ ಒಡೆದು ಉದುರುತ್ತಲಿದ್ದವು. ಪಕ್ಕದಲ್ಲಿ ನಿಂತ ಎಂಟು ಹತ್ತು ವರುಷದ ಹುಡುಗನೊಬ್ಬನು ನನ್ನ ಧೋತರದ ಚುಂಗು ಜಗ್ಗಿ, “ಅಜ್ಜಾರ, ಇದಕ್ಕ ಬಾಣ ಅಂತೀರಿ, ಬಿಲ್ಲ ಎಲ್ಲೈತ್ರಿ?” ಎಂದು ಕೇಳಿದನು. ನಾನು ನಕ್ಕೆನು, ಉತ್ತರ ಮಾತ್ರ ಹೊಳೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ಮತ್ತೊಂದು ಪ್ರಶ್ನೆ ಹಾಕಿದನು: “ಜ್ವರಾ ಬಂದಾಗ ಅವ್ವ ಕುಡಸೂದಕ್ಕೂ ಮದ್ದ ಅಂತಾಳ, ಇದಕ್ಕೂ ಮದ್ದ ಅಂತಾರಲ್ರಿ?” ಆ ಬಾಲಕನ ಎರಡು ಪ್ರಶ್ನೆಗಳಿಗೆ ಈ ಹೊತ್ತು ನಿಮ್ಮೆದುರಿನಲ್ಲಿ ಉತ್ತರ ಕೊಡಬೇಕೆಂದು ನಿಂತಿದ್ದೇನೆ. ಶಬ್ದಗಳ ಹುಟ್ಟನ್ನು ಹುಡುಕುವದು ಪಂಡಿತರ ಕಾಲಕ್ಷೇಪವೆಂದು ಯಾರೂ ಬಗೆಯಬಾರದು. ದಫ್ತರದ ಕಾಗದವನ್ನು ಅರಸರು ಸುಡಬಹುದು, ಶಾಸನದ ಕಲ್ಲನ್ನು ಹೊಲದವರು ಒಡೆಯಬಹುದು. ಜನರ ಬಾಯಿಯೊಳಗಿನ ಮಾತನ್ನು ಅಳಿಸುವದು ಯಾರಿಗೂ ಸಾಧ್ಯವಿಲ್ಲ. ಅದು ಸುಳ್ಳು ಹೇಳದ ಸಾಕ್ಷಿ.

ಮೊದಲು ಬಾಣದ ವಿಷಯ. ಬಿಲ್ಲಿನಿಂದ ಎಸೆಯುವ ವಸ್ತುವಿಗೆ ಕನ್ನಡಿಗರ ಬಾಯಲ್ಲಿ ಹೆಸರುಗಳಿಗೇನೂ ಕೊರತೆಯಿರಲಿಲ್ಲ. ಅಂಬು ಉಂಟು, ಸರಳು ಉಂಟು, ಕಣೆ ಉಂಟು, ಕೋಲು ಉಂಟು. ಹೀಗಿರಲು ಬೆಂಕಿಯ ಬಾಲವುಳ್ಳ ಈ ಹಾರುವ ಕೊಳವೆಗೆ ಮಾತ್ರ ಅಂಬೆಂದಾಗಲಿ ಕಣೆಯೆಂದಾಗಲಿ ಯಾರೂ ಅನ್ನದೆ, ಸಂಸ್ಕೃತದ ಬಾಣ ಶಬ್ದವನ್ನೇ ಏಕೆ ಹಿಡಿದರು? ನೆರೆಯ ಭಾಷೆಗಳನ್ನು ನೋಡಿದರೆ ಕಾರಣವು ಹೊಳೆಯುತ್ತದೆ. ಮರಾಠಿಯಲ್ಲಿ ಅದು ಬಾಣ. ಮೊಗಲರ ಫಾರಸಿ ಬಖೈರುಗಳಲ್ಲಿ ಅದು ಬಾನ್. ತಮಿಳಿನಲ್ಲಿ ಅಂಬೆಂದರೆ ಇಂದಿಗೂ ಬಿಲ್ಲಿನ ಅಂಬೇ, ವಾಣವೆಂದರೆ ಮಾತ್ರ ಮದ್ದಿನ ಬಾಣ. ದಿಲ್ಲಿಯಿಂದ ತಂಜಾವೂರಿನ ವರೆಗೆ ದಂಡಿನಲ್ಲಿ ದುಡಿಯುವ ಸಿಪಾಯಿಗಳು ಹತ್ತೆಂಟು ಭಾಷೆಯವರು. ಅವರೆಲ್ಲರಿಗೂ ತಿಳಿಯುವ ಕಸುಬಿನ ಮಾತೊಂದು ಬೇಕಾಗಿದ್ದಿತು. ಅಂಬೆಂಬದು ಆ ಊರಿನ ಮಾತು, ಬಾಣವೆಂಬದು ಎಲ್ಲ ಊರಿನ ಮಾತು. ಆದುದರಿಂದ ಹಳೆಯ ಅಂಬು ಬಿಲ್ಲಿಗೇ ಉಳಿಯಿತು. ಹೊಸ ಆಯುಧವು ಬಾಣವಾಯಿತು. ಅದರ ಬೆನ್ನಿಗೆ ಕನ್ನಡಿಗನು ತನ್ನದೇ ಒಂದು ಮಾತನ್ನು ಕಟ್ಟಿದನು: ಬಾಣಬಿರುಸು. ಬಿರುಗಾಳಿ, ಬಿರುನುಡಿ, ಬಿರುಬೇಸಗೆಗಳಲ್ಲಿ ಕೇಳಿಬರುವ ಆ ರಭಸವೇ ಈ ಬಿರುಸಿನಲ್ಲಿಯೂ ಕೇಳಿಸುತ್ತದೆ.

ಆದರೆ ಹುಡುಗನ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿದೆ: ಬಿಲ್ಲು ಎಲ್ಲಿ? ಇದಕ್ಕೆ ಉತ್ತರ ಹೇಳುವ ಮುಂಚೆ ನಮ್ಮವರ ಒಂದು ಹೆಮ್ಮೆಯ ಮಾತನ್ನು ತೂಗಿ ನೋಡಬೇಕಾಗಿದೆ. ರಾಮಾಯಣದ ಶತಘ್ನಿಯು ತೋಪು, ಭಾರತದ ಆಗ್ನೇಯಾಸ್ತ್ರವು ಮದ್ದಿನ ಬಾಣ, ಇವೆಲ್ಲವೂ ನಮ್ಮ ಪೂರ್ವಜರಲ್ಲಿ ಇದ್ದವು ಎಂದು ಸಭೆಗಳಲ್ಲಿ ಹೇಳುವವರುಂಟು. ಕೇಳಿ ಚಪ್ಪಾಳೆ ತಟ್ಟುವವರೂ ಉಂಟು. ನಾಡಿನ ಅಭಿಮಾನವು ನನಗೂ ಇದೆ. ಆದರೆ ಅಭಿಮಾನಕ್ಕೆ ಸತ್ಯವೇ ಅಡಿಗಲ್ಲಾಗದಿದ್ದರೆ, ಪರಕೀಯನೊಬ್ಬನು ಒಂದೇ ಪ್ರಶ್ನೆ ಕೇಳಿ ಅದನ್ನು ಕೆಡವಿಬಿಡುತ್ತಾನೆ. ಕವಿಯ ಅಸ್ತ್ರವು ಮಂತ್ರದಿಂದ ಹೊರಡುವಂಥದು. ಅದಕ್ಕೆ ಮದ್ದಿನ ಮನೆ ಬೇಡ. ಶಾಸ್ತ್ರಕಾರನು ಏನು ಹೇಳಿದ್ದಾನೆಂಬದನ್ನೇ ನೋಡೋಣ.

ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯು ಶತಮಾನಗಟ್ಟಲೆ ಕಣ್ಮರೆಯಾಗಿದ್ದು, ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದಿತು. ೧೯೦೯ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಜಗತ್ತಿಗೆ ಆ ಗ್ರಂಥವನ್ನು ಮರಳಿ ಕೊಟ್ಟ ಕೀರ್ತಿ ಕನ್ನಡ ನಾಡಿನದು. ಅದರ ಹದಿಮೂರನೆಯ ಅಧಿಕರಣದಲ್ಲಿ ಕೋಟೆಯನ್ನು ಹಿಡಿಯುವ ಉಪಾಯಗಳನ್ನು ಹೇಳುವಾಗ ಅಗ್ನಿಯೋಗಗಳೆಂಬ ಬೆಂಕಿಯ ಪಾಕಗಳನ್ನು ವಿವರಿಸಿದೆ. ದೇವದಾರು, ಗುಗ್ಗುಳ, ಅರಗು, ಮರದ ಅಂಟು, ಎಣ್ಣೆ, ಮೇಣ, ಲೋಹದ ಪುಡಿ, ಕತ್ತೆ ಒಂಟೆ ಆಡುಗಳ ಲದ್ದಿ ಹಿಕ್ಕೆ, ಇವೇ ಅದರ ಸಾಮಗ್ರಿ. ಕೋಟೆಯೊಳಗೆ ಗೂಡು ಕಟ್ಟಿದ ಕಾಗೆ, ಗಿಳಿ, ಪಾರಿವಾಳ, ಗೂಗೆಗಳನ್ನು ಹಿಡಿದು, ಬಾಲಕ್ಕೆ ಈ ಪಾಕವನ್ನು ಕಟ್ಟಿ ಬಿಡಬೇಕೆಂಬ ಕ್ರೂರ ಯುಕ್ತಿಯೂ ಅಲ್ಲಿದೆ. ಇಂಥ ಪಾಕವನ್ನು ಬಳಿದು, ಸೆಣಬು ನಾರುಗಳನ್ನು ಸುತ್ತಿ, ಉರಿಹೊತ್ತಿಸಿ ಎಸೆಯುವ ಆಯುಧವನ್ನು ಆ ಶಾಸ್ತ್ರಕಾರನು ಬಾಣವೆಂದೇ ಕರೆದಿದ್ದಾನೆ. ಹುಡುಗನು ಕೇಳಿದ ಬಿಲ್ಲು ಇಗೋ ಇಲ್ಲಿ ಸಿಕ್ಕಿತು! ಮೊದಲಿನ ಬೆಂಕಿಯ ಬಾಣವು ನಿಜವಾಗಿಯೂ ಬಿಲ್ಲಿನ ಬಾಣವೇ. ಮನುಸ್ಮೃತಿಯು ಧರ್ಮಯುದ್ಧದಲ್ಲಿ ಉರಿಯುವ ಮೊನೆಯ ಅಂಬನ್ನು ಬಳಸಬಾರದೆಂದು ನಿಷೇಧಿಸಿರುವದೂ ಈ ಬಗೆಯ ಬಾಣವನ್ನೇ ಕುರಿತದ್ದು.

ಈಗ ಆ ಸಾಮಗ್ರಿಯ ಪಟ್ಟಿಯನ್ನು ಮತ್ತೊಮ್ಮೆ ನೆನೆಯಿರಿ. ಅದರಲ್ಲಿ ಪೆಟ್ಲುಪ್ಪು ಇಲ್ಲ. ಪೆಟ್ಲುಪ್ಪಿಲ್ಲದೆ ಸಿಡಿಮದ್ದಿಲ್ಲ, ಸಿಡಿಮದ್ದಿಲ್ಲದೆ ತಾನಾಗಿ ಹಾರುವ ಬಾಣವಿಲ್ಲ, ತೋಪೂ ಇಲ್ಲ. ನಮ್ಮ ಪೂರ್ವಜರಲ್ಲಿ ಬೆಂಕಿಯ ಬಾಣವಿದ್ದದ್ದು ನಿಜ; ಮದ್ದಿನ ಬಾಣವಿದ್ದಿಲ್ಲವೆಂಬದೂ ಅಷ್ಟೇ ನಿಜ.

ಆ ಪಾಕಗಳಲ್ಲೊಂದಕ್ಕೆ ಕೌಟಿಲ್ಯನು ಇಟ್ಟ ಹೆಸರನ್ನು ಮಾತ್ರ ನೀವು ಮರೆಯಬಾರದು. ಆ ಹೆಸರು ‘ವಿಶ್ವಾಸಘಾತಿ’. ನಂಬಿಸಿ ಕೊಲ್ಲುವದು ಎಂದರ್ಥ. ಒಳಗೆ ನುಸುಳಿ, ಕಾಣದಂತಿದ್ದು, ಹೊತ್ತು ನೋಡಿ ಭುಗಿಲ್ಲೆನ್ನುವ ಬೆಂಕಿಗೆ ಇದಕ್ಕಿಂತ ತಕ್ಕ ಹೆಸರು ಸಿಕ್ಕೀತೇ? ಈ ಶಬ್ದವನ್ನು ಮುಂದೆ ಕಿತ್ತೂರಿನ ಬಾಗಿಲಲ್ಲಿ ಮತ್ತೆ ಎತ್ತಿಕೊಳ್ಳುವೆನು.

ಹಾಗಾದರೆ ಸಿಡಿಮದ್ದು ಎಲ್ಲಿ ಹುಟ್ಟಿತು? ಚೀನಾ ದೇಶದಲ್ಲಿ. ಅಲ್ಲಿಯ ರಸವಾದಿಗಳು ಮುಪ್ಪನ್ನೂ ಮರಣವನ್ನೂ ಗೆಲ್ಲುವ ಸಿದ್ಧೌಷಧವನ್ನು ಹುಡುಕುತ್ತ ಗಂಧಕ, ಪೆಟ್ಲುಪ್ಪು, ಜೇನುಗಳನ್ನು ಕೂಡಿಸಿ ಕಾಯಿಸಿದರು. ಒಂಬತ್ತನೆಯ ಶತಮಾನದ ಹೊತ್ತಿಗೆ, ಹೀಗೆ ಮಾಡಿ ಕೈ ಮೋರೆ ಸುಟ್ಟುಕೊಂಡವರೂ ಮನೆಯನ್ನೇ ಸುಟ್ಟುಕೊಂಡವರೂ ಇದ್ದಾರೆ, ಎಚ್ಚರಿಕೆ! ಎಂದು ಅವರ ಗ್ರಂಥವೊಂದು ಸಾರಿತು. ೧೦೪೪ರ ಯುದ್ಧಗ್ರಂಥವೊಂದರಲ್ಲಿ ಮದ್ದಿನ ಪಾಕಗಳು ಬರವಣಿಗೆಗೆ ಬಂದಿವೆ. ಚೀನೀಯರು ಅದಕ್ಕಿಟ್ಟ ಹೆಸರು ‘ಹುವೋ ಯಾವ್’. ಬೆಂಕಿಯ ಔಷಧವೆಂದು ಅದರ ಅರ್ಥ. ಅಮೃತವನ್ನು ಹುಡುಕಹೋದವರ ಕೈಗೆ ಹಾಲಾಹಲವು ಸಿಕ್ಕಿತು. ಆದರೂ ಔಷಧವೆಂಬ ಹೆಸರು ಬಿಡಲಿಲ್ಲ. ಅವರಲ್ಲಿ ಮದ್ದಿನ ಬಾಣಕ್ಕೆ ‘ಹುವೋ ಜಿಯೆನ್’ ಎಂಬ ಹೆಸರು. ಅಂದರೆ ಬೆಂಕಿಯ ಅಂಬು. ಮೊದಲು ಬಿಲ್ಲಿನ ಅಂಬಿಗೆ ಮದ್ದಿನ ಪೊಟ್ಟಣ ಕಟ್ಟಿ ಹಾರಿಸಿದರು. ಆಮೇಲೆ ಮದ್ದೇ ಅಂಬನ್ನು ಒಯ್ಯತೊಡಗಿತು, ಬಿಲ್ಲು ಬೇಡವಾಯಿತು. ವಸ್ತುವು ಬದಲಾಯಿತು, ಹೆಸರು ಉಳಿಯಿತು. ಸಂಸ್ಕೃತದ ಬಾಣಕ್ಕೂ ಆದದ್ದು ಇದೇ.

ಇನ್ನು ಮದ್ದು. ಈ ಶಬ್ದವು ಅಚ್ಚಗನ್ನಡದ್ದು. ಇದರ ಹಳಗನ್ನಡ ರೂಪ ಮರ್ದು. ಇರ್ದು ಎಂಬದು ಇದ್ದು ಆದಂತೆ, ಪರ್ದು ಎಂಬದು ಹದ್ದು ಆದಂತೆ, ಕರ್ಚು ಎಂಬದು ಕಚ್ಚು ಆದಂತೆ, ಮರ್ದು ಎಂಬದು ಮದ್ದಾಯಿತು. ತುಳುವರು ಇನ್ನೂ ಮರ್ದೆಂದೇ ಅನ್ನುತ್ತಾರೆ. ತಮಿಳರದು ಮರುಂದು, ಮಲೆಯಾಳಿಗಳದು ಮರುನ್ನು, ತೆಲುಗರದು ಮಂದು. ಒಂದೇ ತಾಯಿಯ ಮಕ್ಕಳು ಇವರೆಲ್ಲ. ಇವರೆಲ್ಲರಲ್ಲಿಯೂ ಆ ಶಬ್ದಕ್ಕೆ ಔಷಧವೆಂದೂ ಸಿಡಿಮದ್ದೆಂದೂ ಎರಡು ಅರ್ಥಗಳು. ಫಾರಸಿಯ ದಾರೂ ಶಬ್ದಕ್ಕೆ ಮೂಲತಃ ಔಷಧವೆಂದೇ ಅರ್ಥ. ಅದೇ ಮರಾಠಿಗೆ ಬಂದು ದಾರೂಗೋಳಾ ಆಯಿತು, ಮತ್ತೊಂದು ಕಡೆಗೆ ಹೆಂಡವೂ ಆಯಿತು. ಚೀನಾದ ರಸವಾದಿ, ಇರಾಣದ ಹಕೀಮ, ನಮ್ಮ ಹಳ್ಳಿಯ ವೈದ್ಯ, ಈ ಮೂವರೂ ಬೇರೆ ಬೇರೆ ನಾಡಿನಲ್ಲಿ ಒಂದೇ ಮಾತು ಆಡಿದರು. ಅಳತೆಗೆ ಸರಿಯಾಗಿ ತೂಗಿ, ಅರೆದು, ಕಲಿಸಿ, ಒಣಗಿಸಿದ ಪುಡಿಯು ಯಾರ ಕೈಯಲ್ಲಿದ್ದರೂ ಔಷಧದಂತೆಯೇ ಕಂಡಿತು. ಕನ್ನಡದಲ್ಲಿ ಈ ಮದ್ದಿಗೆ ಮೂರನೆಯದೊಂದು ನೆರಳೂ ಉಂಟು: ಮದ್ದು ಹಾಕುವದೆಂದರೆ ಅನ್ನದಲ್ಲಿ ಕಾಣದಂತೆ ವಿಷವಿಕ್ಕುವದು. ಬದುಕಿಸುವದು, ಸಿಡಿಯುವದು, ನಂಬಿಸಿ ಕೊಲ್ಲುವದು, ಈ ಮೂರೂ ಆ ಒಂದು ಪುಟ್ಟ ಮಾತಿನಲ್ಲಿ ಅಡಗಿವೆ.

ಹೊರನಾಡಿನಿಂದ ಬಂದ ಆಯುಧಗಳು ತಮ್ಮ ಹೆಸರುಗಳನ್ನು ಹೊತ್ತುಕೊಂಡೇ ಬಂದವು. ತೋಪು ತುರ್ಕರ ಮಾತು, ತುಪಾಕಿಯೂ ಅವರದೇ, ಫಿರಂಗಿಯೆಂದರೆ ಫ್ರಾಂಕರ, ಅಂದರೆ ಯುರೋಪದವರ, ವಸ್ತು. ಅವುಗಳ ಹೊಟ್ಟೆಗೆ ಹಾಕುವ ಮದ್ದು ಮತ್ತು ಗುಂಡು ಮಾತ್ರ ಕನ್ನಡವಾಗಿ ಉಳಿದವು. ಕೊಳವೆಯನ್ನು ಕೊಂಡುತಂದೆವು, ಒಳಗಿನದನ್ನು ನಮ್ಮ ಕೈಯಿಂದ ಅರೆದೆವು ಎಂದು ಭಾಷೆಯೇ ಸಾಕ್ಷಿ ನುಡಿಯುತ್ತದೆ.

ಬಾಣದ ಚರಿತ್ರೆಯಲ್ಲಿ ಕರ್ನಾಟಕಕ್ಕೆ ನಿಜವಾದ ಹೆಮ್ಮೆಯ ಅಧ್ಯಾಯವೊಂದಿದೆ. ಅದಕ್ಕೆ ಪುರಾಣದ ಊರುಗೋಲು ಬೇಡ. ಹಿಂದಿನ ಬಾಣಗಳ ಕೊಳವೆಯು ಬಿದಿರಿನದು ಇಲ್ಲವೆ ರಟ್ಟಿನದು. ಮದ್ದನ್ನು ಹೆಚ್ಚು ಗಿಡಿದರೆ ಒಡೆದು ಹೋಗುವಂಥದು. ಮೈಸೂರಿನ ಹೈದರ ಟಿಪ್ಪುಗಳ ಕಮ್ಮಾರರು ಕಬ್ಬಿಣದ ಕೊಳವೆಯನ್ನು ಮಾಡಿ ಅದರಲ್ಲಿ ಮದ್ದನ್ನು ಬಿಗಿಯಾಗಿ ಗಿಡಿದರು; ಉದ್ದವಾದ ಬಿದಿರ ಗಳುವನ್ನೋ ಕತ್ತಿಯ ಅಲಗನ್ನೋ ಅದಕ್ಕೆ ಬಿಗಿದರು. ಕೊಳವೆ ಗಟ್ಟಿಯಾದಷ್ಟೂ ಒಳಗಿನ ಒತ್ತಡವನ್ನು ತಾಳುತ್ತದೆ; ಒತ್ತಡವು ಹೆಚ್ಚಿದಷ್ಟೂ ಬಾಣವು ದೂರ ಹೋಗುತ್ತದೆ. ೧೭೮೦ರ ಸಪ್ಟೆಂಬರ್ ೧೦ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯ ಮದ್ದಿನ ಬಂಡಿಗಳು ಹೊತ್ತಿ ಸಿಡಿದು ಇಂಗ್ಲಿಷರಿಗೆ ಭಾರಿ ಸೋಲಾಯಿತು; ಆ ಯುದ್ಧದ ಚಿತ್ರವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಇಂದಿಗೂ ನೋಡಬಹುದು. ೧೭೯೯ರ ಏಪ್ರಿಲ್ ೫ರ ರಾತ್ರಿ ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನಪೇಟೆಯ ತೋಪಿನಲ್ಲಿ, ಇಲ್ಲಿ ತೋಪೆಂದರೆ ಗಿಡಗಳ ತೋಪು, ಕರ್ನಲ್ ವೆಲ್ಲೆಸ್ಲಿಯ ಸಿಪಾಯಿಗಳು ಕತ್ತಲಲ್ಲಿ ಬಾಣಗಳ ಮಳೆಗೆ ಸಿಕ್ಕಿ ದಿಕ್ಕೆಟ್ಟರು. ಮರುವರುಷ ಅದೇ ವೆಲ್ಲೆಸ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ನಮ್ಮ ಈ ನಾಡಿಗೆ ಬಂದನು. ಸವದತ್ತಿಯ ಸೀಮೆಯ ಮುನವಳ್ಳಿಯ ಹತ್ತಿರ ೧೮೦೦ರ ಜುಲೈ ೩೦ರಂದು ಧೋಂಡಿಯನ ದಂಡನ್ನು ಮಲಪ್ರಭೆಗೆ ನೂಕಿದನು. ಅದಕ್ಕೂ ಹದಿನೈದು ವರುಷ ಮೊದಲು, ೧೭೮೫ರಲ್ಲಿ, ಟಿಪ್ಪುವಿನ ಸೇನೆಯು ವೆಂಕಟರಾವ್ ಭಾವೆಯವರ ನರಗುಂದವನ್ನು ಮುತ್ತಿ ಹಿಡಿದಿತ್ತು. ಅದರ ಹಿಂದೆಯೇ ರಾಮದುರ್ಗವೂ ಕಿತ್ತೂರೂ ಆ ಸೇನೆಯ ಕೈಸೇರಿದ್ದವು. ಮೈಸೂರಿನ ದಂಡಿನಲ್ಲಿಯೂ ಬಾಣದವರು, ಪೇಶವೆಯರ ದಂಡಿನಲ್ಲಿಯೂ ಬಾಣದವರು. ಎರಡು ದಂಡುಗಳ ನಡುವೆ ಅರೆಯಲ್ಪಟ್ಟ ಈ ಸೀಮೆಯ ಒಕ್ಕಲಿಗನಿಗೆ ಬಾಣವು ಗ್ರಂಥದ ಶಬ್ದವಾಗಿರಲಿಲ್ಲ.

ಶ್ರೀರಂಗಪಟ್ಟಣವು ಬಿದ್ದ ಮೇಲೆ ಆ ಕಬ್ಬಿಣದ ಬಾಣಗಳ ಮಾದರಿಗಳು ಇಂಗ್ಲೆಂಡಕ್ಕೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವನು ಅವನ್ನು ತಿದ್ದಿ ಬೆಳೆಸಿದನು. ೧೮೦೭ರಲ್ಲಿ ಅವುಗಳಿಂದ ಕೋಪನ್‌ಹೇಗನ್ ನಗರವು ಉರಿಯಿತು. ೧೮೧೪ರಲ್ಲಿ ಅಮೇರಿಕದ ಬಾಲ್ಟಿಮೋರಿನ ಕೋಟೆಯ ಮೇಲೆ ಅವೇ ಹಾರಿದವು. ಇಂಗ್ಲಿಷರು ಇದಕ್ಕೆ ರಾಕೆಟ್ ಎನ್ನುತ್ತಾರಷ್ಟೆ. ಆ ಹೆಸರು ಇಟಲಿಯವರದು; ನೂಲುವ ಹೆಂಗಸರು ಹಂಜಿ ಸುತ್ತುವ ಚಿಕ್ಕ ಕೋಲಿನ ಹೆಸರು ಅದು. ರೂಪದ ಹೋಲಿಕೆಯಿಂದ ಬಂದ ಮಾತು. ನಮ್ಮವರು ಅದರಲ್ಲಿ ಬಿಲ್ಲಿನ ಅಂಬನ್ನು ಕಂಡರು, ಅವರು ನೂಲಿನ ಕೋಲನ್ನು ಕಂಡರು. ಇನ್ನೊಂದು ಮಾತು: ಶಿವಮೊಗ್ಗೆಯ ಸೀಮೆಯ ನಗರದಲ್ಲಿ, ಹಳೆಯ ಬಿದನೂರಿನಲ್ಲಿ, ಹಾಳುಬಾವಿಯೊಂದರಿಂದ ೨೦೧೮ರಲ್ಲಿ ಸಾವಿರಕ್ಕೂ ಮಿಕ್ಕಿದ ಕಬ್ಬಿಣದ ಬಾಣಗಳು ಹೊರಬಿದ್ದವು. ತುಕ್ಕು ತಿಂದ ಆ ಕೊಳವೆಗಳು ಯಾವ ಕವಿಯ ಉತ್ಪ್ರೇಕ್ಷೆಗಿಂತಲೂ ಗಟ್ಟಿಯಾದ ಪ್ರಮಾಣ.

ಈಗ ಕಿತ್ತೂರಿನ ಬಾಗಿಲಿಗೆ ಬರೋಣ. ೧೮೨೪ರಲ್ಲಿ ಶಿವಲಿಂಗರುದ್ರ ಸರ್ಜನು ತೀರಿಕೊಂಡ ಮೇಲೆ ದತ್ತಕವನ್ನು ಒಪ್ಪದೆ ಧಾರವಾಡದ ಕಲೆಕ್ಟರ ಥ್ಯಾಕರೆಯು ತೋಪುಗಳನ್ನು ತಂದು ಕೋಟೆಯ ಮುಂದೆ ನಿಲ್ಲಿಸಿದ್ದು, ಅಕ್ಟೋಬರ್ ೨೩ರಂದು ಬಾಗಿಲು ತೆರೆದು ಕಿತ್ತೂರಿನ ವೀರರು ಹೊರಬಿದ್ದದ್ದು, ಥ್ಯಾಕರೆಯೂ ತೋಪಿನ ದಳದ ಅಧಿಕಾರಿಗಳೂ ಬಿದ್ದದ್ದು, ಇವನ್ನು ನಿಮಗೆ ಹೇಳಬೇಕಾಗಿಲ್ಲ. ಆ ದಿನ ಸೆರೆಸಿಕ್ಕವರಲ್ಲಿ ವಾಲ್ಟರ್ ಎಲಿಯಟ್ ಎಂಬ ತರುಣ ಅಧಿಕಾರಿಯೊಬ್ಬನಿದ್ದನು. ರಾಣಿ ಚೆನ್ನಮ್ಮನು ಅವನ ಕೂದಲಿಗೂ ಧಕ್ಕೆ ತಗಲಗೊಡಲಿಲ್ಲ. ಮುಂದೆ ಅವನೇ ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿ ಕೂಡಿಹಾಕಿ, ೧೮೩೭ರಲ್ಲಿ ಚಾಲುಕ್ಯರ ಚರಿತ್ರೆಯನ್ನು ವಿದ್ವಾಂಸರ ಮುಂದಿಟ್ಟನು. ವೈರಿಯ ಸೆರೆಯಾಳನ್ನು ಉಳಿಸಿದ ಆ ತಾಯಿಯ ಧರ್ಮದಿಂದ ನಮ್ಮ ಭಾಷೆಗೂ ಉಪಕಾರವಾಯಿತು.

ಆಮೇಲೆ ದೊಡ್ಡ ದಂಡು ಬಂದಿತು. ಸೊಲ್ಲಾಪುರದ ಸಬ್ ಕಲೆಕ್ಟರ ಮನ್ರೋ ಸತ್ತನು. ಆದರೂ ಡಿಸೆಂಬರ್ ೫ರಂದು ಕೋಟೆಯು ಬಿದ್ದಿತು. ಏಕೆ ಬಿದ್ದಿತೆಂದು ಈ ಸೀಮೆಯ ಯಾವ ಮುದುಕನನ್ನು ಕೇಳಿದರೂ ಒಂದೇ ಉತ್ತರ: ಮದ್ದಿನಲ್ಲಿ ಸಗಣಿಯನ್ನೂ ಕಾಳನ್ನೂ ಬೆರೆಸಿದ್ದರು. ಮಲ್ಲಪ್ಪಶೆಟ್ಟಿ ವೆಂಕಟರಾಯರ ಹೆಸರು ಹೇಳಿ ಜನರು ಇಂದಿಗೂ ಮೋರೆ ತಿರುವುತ್ತಾರೆ. ಇದು ಕಾಗದದ ಸಾಕ್ಷಿಯಲ್ಲ, ನಾಲಗೆಯ ಸಾಕ್ಷಿ. ಹಾಗೆಂದೇ ಇದನ್ನು ಹೇಳಬೇಕು. ಆದರೆ ಕಥೆ ಕಟ್ಟಿದವರಿಗೆ ಮದ್ದಿನ ಗುಣವು ಚೆನ್ನಾಗಿ ತಿಳಿದಿತ್ತು. ನೂರು ಪಾಲು ಮದ್ದಿನಲ್ಲಿ ಸುಮಾರು ೭೫ ಪಾಲು ಪೆಟ್ಲುಪ್ಪು, ೧೫ ಪಾಲು ಇದ್ದಲಿ, ೧೦ ಪಾಲು ಗಂಧಕ. ಹೊರಗಿನ ಗಾಳಿಯನ್ನು ನೆಚ್ಚದೆ ಪೆಟ್ಲುಪ್ಪಿನೊಳಗಿನ ಪ್ರಾಣವಾಯುವಿನಿಂದಲೇ ಅದು ಉರಿಯುವದು. ಸ್ವಲ್ಪ ತೇವ, ಸ್ವಲ್ಪ ಕಲಬೆರಕೆ ಸಾಕು. ಸಿಡಿಯುವ ಬದಲು ಬುಸ್ಸೆಂದು ಹೊಗೆಯಾಡುತ್ತದೆ. ಕೌಟಿಲ್ಯನ ಅಗ್ನಿಯೋಗದಲ್ಲಿ ಲದ್ದಿಯು ಬೆಂಕಿಗೆ ಉರುವಲು. ಕಿತ್ತೂರಿನ ಮದ್ದಿನಲ್ಲಿ ಸಗಣಿಯು ಬೆಂಕಿಗೆ ಮೃತ್ಯು. ಹಳೆಯ ಬೆಂಕಿಗೂ ಹೊಸ ಮದ್ದಿಗೂ ಇರುವ ಅಂತರವೆಲ್ಲ ಈ ಒಂದು ಮಾತಿನಲ್ಲಿದೆ. ವಿಶ್ವಾಸಘಾತಿಯೆಂದು ಶಾಸ್ತ್ರಕಾರನು ಬೆಂಕಿಗೆ ಹೆಸರಿಟ್ಟನು. ನಮ್ಮ ಜನರು ಆ ಹೆಸರನ್ನು ಮನುಷ್ಯನಿಗೆ ಇಟ್ಟರು. ಮದ್ದಿಗೇ ಮದ್ದು ಹಾಕಿದರೆಂದು ಕಿತ್ತೂರಿನ ದುಃಖವನ್ನು ಮೂರು ಮಾತಿನಲ್ಲಿ ಹೇಳಬಹುದು.

ರಾಣಿಯು ಇದೇ ಬೈಲಹೊಂಗಲದ ಸೆರೆಯಲ್ಲಿ ೧೮೨೯ರ ಫೆಬ್ರುವರಿಯಲ್ಲಿ ಕಣ್ಣುಮುಚ್ಚಿದಳು. ಆಕೆಯ ಸಮಾಧಿಯು ನಮ್ಮ ಊರಿನಲ್ಲಿದೆ. ಆಕೆಯ ಬಂಟ ಸಂಗೊಳ್ಳಿ ರಾಯಣ್ಣನಲ್ಲಿ ತೋಪೂ ಇರಲಿಲ್ಲ, ಮದ್ದಿನ ಮನೆಯೂ ಇರಲಿಲ್ಲ. ಅವನು ಕೊಳ್ಳಿಯನ್ನೇ ಆಯುಧ ಮಾಡಿಕೊಂಡು ೧೮೩೦ರಲ್ಲಿ ಬೀಡಿಯೇ ಮೊದಲಾದೆಡೆ ಸರಕಾರಿ ಕಚೇರಿಗಳನ್ನು ಸುಟ್ಟನು. ಅವನನ್ನೂ ಹಿಡಿದುಕೊಟ್ಟದ್ದು ವಿಶ್ವಾಸಘಾತವೇ. ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಕೌಟಿಲ್ಯನ ಇನ್ನೊಂದು ಮಾತನ್ನು ಹೇಳಿ ಮುಗಿಸುವೆನು. ಇಷ್ಟೆಲ್ಲ ಪಾಕಗಳನ್ನು ಹೇಳಿಕೊಟ್ಟ ಮೇಲೆ ಅವನೇ ಎಚ್ಚರಿಸುತ್ತಾನೆ: ಪರಾಕ್ರಮದಿಂದ ಗೆಲ್ಲುವದು ಸಾಧ್ಯವಿರುವಾಗ ಬೆಂಕಿಯನ್ನು ಬಿಡಬಾರದು; ಬೆಂಕಿಯು ನಂಬತಕ್ಕದ್ದಲ್ಲ; ಅದು ಎಣಿಕೆಯಿಲ್ಲದೆ ಜನರನ್ನೂ ದನಗಳನ್ನೂ ಧಾನ್ಯವನ್ನೂ ತಿನ್ನುತ್ತದೆ; ಹೀಗೆ ಬರಿದಾದ ರಾಜ್ಯವು ಕೈಗೆ ಬಂದರೂ ಕ್ಷಯಕ್ಕೇ ಕಾರಣ. ೧೯೩೯ರ ಏಪ್ರಿಲ್ ೭ರಂದು ರಾಮದುರ್ಗದಲ್ಲಿ ರೊಚ್ಚಿಗೆದ್ದ ಜನರು ಸೆರೆಮನೆಯ ಮೇಲೆ ಬಿದ್ದು ಪೋಲೀಸರ ಪ್ರಾಣ ಹೋದಾಗ, ಅನ್ಯಾಯಕ್ಕೊಳಗಾದ ಪ್ರಜೆಗಳ ನ್ಯಾಯವಾದ ಕೂಗು ಆ ಉರಿಯಲ್ಲಿ ಮುಳುಗಿಹೋಯಿತು. ಕಿಡಿಯನ್ನು ಹಚ್ಚುವವನ ಇಚ್ಛೆ ಒಂದು, ಉರಿಯ ಇಚ್ಛೆ ಇನ್ನೊಂದು.

ಬಾಂಧವರೇ, ೧೯೫೬ಕ್ಕೆ ಮುಂಚೆ ಕಿತ್ತೂರು, ಸವದತ್ತಿ, ಬೈಲಹೊಂಗಲಗಳು ಮುಂಬಯಿ ಪ್ರಾಂತದಲ್ಲಿದ್ದವು; ರಾಮದುರ್ಗವು ೧೯೪೮ರ ವರೆಗೆ ಬೇರೆ ಸಂಸ್ಥಾನವಾಗಿದ್ದಿತು; ನಗರವು ಮೈಸೂರಿನಲ್ಲಿದ್ದಿತು. ಆಳುವವರು ಬೇರೆ, ಗಡಿಗಳು ಬೇರೆ. ಆದರೆ ನಗರದ ಕಮ್ಮಾರನು ಕೊಳವೆಗೆ ಗಿಡಿದದ್ದೂ ಮದ್ದೇ, ಕಿತ್ತೂರಿನಲ್ಲಿ ಕೆಟ್ಟದ್ದೂ ಮದ್ದೇ, ರಾಮದುರ್ಗದ ತಾಯಿ ಕೂಸಿಗೆ ಕುಡಿಸಿದ್ದೂ ಮದ್ದೇ. ನಾಡನ್ನು ನಕಾಶೆಯಲ್ಲಿ ಒಂದು ಮಾಡುವ ಮುಂಚೆ ಇಂಥ ಮಾತುಗಳು ಒಂದಾಗಿ ಹಿಡಿದಿದ್ದವು.

ಆ ಹುಡುಗನು ಮತ್ತೆ ಸಿಕ್ಕರೆ ಹೀಗೆ ಹೇಳುವೆನು: ತಮ್ಮಾ, ಬಿಲ್ಲು ನೂರಾರು ವರುಷಗಳ ಹಿಂದೆಯೇ ಕೈಬಿಟ್ಟು ಹೋಯಿತು, ಹೆಸರು ಮಾತ್ರ ನಿನ್ನ ಜಾತ್ರೆಯ ವರೆಗೆ ಹಾರಿ ಬಂದಿದೆ. ನಿನ್ನ ಅವ್ವ ಕೊಡುವ ಮದ್ದು ಮೊದಲಿನದು, ಸುಡುವ ಮದ್ದು ಆಮೇಲಿನದು. ಮೊದಲಿನದನ್ನು ಮರೆಯಬೇಡ.